ಸಿಲಿಂಡರ್ ಬದಲಿಸುವ ಪುಟ

ಜನವರಿ ೬

ಪ್ರೀತಿಯ ಅಕ್ಕ,

ನೀರು ಶುದ್ಧ ಮಾಡುವ ಯಂತ್ರದ ಕೈಪಿಡಿಗೆ ಕಂಪನಿ ಬೀಗ ಹಾಕಿದೆ. ಇದು ಅನ್ಯಾಯ. ಮೊದಲ ಸಾಲಿನಲ್ಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಕ್ಷೇಮಸಮಾಚಾರದಿಂದ ಶುರು ಮಾಡಿದರೆ ನೀನು ಅಷ್ಟು ಓದಿ ಪತ್ರ ಮಡಚಿಡುತ್ತೀಯ.

ಹೋದ ತಿಂಗಳವರೆಗೆ ಯಾರು ಬೇಕಾದರೂ ಅವರ ಜಾಲತಾಣದಲ್ಲಿ ಕೈಪಿಡಿ ಓದಬಹುದಿತ್ತು. ಈಗ ಅಲ್ಲಿ ಎರಡು ಖಾಲಿ ಚೌಕಗಳಿವೆ, ಒಂದು ಹೆಸರಿಗೆ, ಒಂದು ಗುಪ್ತಪದಕ್ಕೆ. ಸೇವಾ ಒಪ್ಪಂದ ಮಾಡಿಕೊಂಡವರಿಗೆ ಮಾತ್ರ ಬಾಗಿಲು ತೆರೆಯುತ್ತದೆ. ನಿನ್ನ ಬೆಟ್ಟದ ಘಟಕಕ್ಕೆ ಯಾವ ಒಪ್ಪಂದವೂ ಇಲ್ಲ. ಅಂದರೆ ಕ್ಲೋರಿನ್ ಅನಿಲ ಕೈಯಲ್ಲಿ ಹಿಡಿದು ಕೆಲಸ ಮಾಡುವವರು ಊಹೆಯ ಮೇಲೆ ಮಾಡಬೇಕು, ಊಹೆ ತಪ್ಪಿದರೆ ಸಾಯಬೇಕು. ಖಾಲಿ ಸಿಲಿಂಡರ್ ಬಿಚ್ಚುವಾಗ ಒಂದು ಹೆಜ್ಜೆ ಹಿಂದುಮುಂದಾದರೆ ಅನಿಲ ನೇರ ಮುಖಕ್ಕೇ ಬರುತ್ತದೆ ಎಂದು ನೀನೇ ಒಮ್ಮೆ ಹೇಳಿದ್ದೆ. ಜೀವ ಉಳಿಸುವ ಮಾತನ್ನು ಬಚ್ಚಿಡುವವನನ್ನು ಕೊಲೆಗಾರ ಎನ್ನದೆ ಇನ್ನೇನು ಎನ್ನಬೇಕು?

ನಾವು ಸುಮ್ಮನೆ ಕೂರಲಿಲ್ಲ. ಗುಜರಿ ಅಂಗಡಿಯಲ್ಲಿ ಆ ಕಂಪನಿಯದೇ ಹಳೆಯ ಮುದ್ರಿತ ಪುಸ್ತಕ ಸಿಕ್ಕಿತು. ನಮ್ಮ ಬಳಗ ಅದನ್ನೆಲ್ಲ ನಮ್ಮ ಮಾತಿನಲ್ಲಿ ಹೊಸದಾಗಿ ಬರೆದಿದೆ. ನಾನು ಕೆಲಸ ಮಾಡುವ ಡಿಟಿಪಿ ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿ ಕಡಿಮೆ. ಅರ್ಜಿ, ಆಮಂತ್ರಣ ಟೈಪ್ ಮಾಡುವ ಅದೇ ಕಂಪ್ಯೂಟರ್‌ನಲ್ಲಿ ಕೆಲಸ ಮುಗಿಸಿದೆವು.

ಪತ್ರದ ಜೊತೆ ಇರುವ ಮೆಮೊರಿ ಕಾರ್ಡಿನಲ್ಲಿ ಎರಡು ಫೋಲ್ಡರ್ ಇವೆ. ಒಂದರ ಹೆಸರು ‘ಮೂಲ’. ಅದರಲ್ಲಿರುವುದು ಯಾವ ಅಲಂಕಾರವೂ ಇಲ್ಲದ ಸಾದಾ ಪಠ್ಯದ ಕಡತಗಳು, ಒಂದೊಂದು ಕೆಲಸಕ್ಕೆ ಒಂದೊಂದು. ಒಂದು ಚಿಕ್ಕ ಪ್ರೋಗ್ರಾಂ ಅವನ್ನೆಲ್ಲ ಓದಿ, ತಲೆಬರಹ, ಪರಿವಿಡಿ, ಕೊಂಡಿಗಳನ್ನು ಜೋಡಿಸಿ, ‘ಪುಟ’ ಎಂಬ ಇನ್ನೊಂದು ಫೋಲ್ಡರಿಗೆ ಇಡೀ ಜಾಲತಾಣವನ್ನೇ ಹೆಣೆದು ಹಾಕುತ್ತದೆ. ನೀವು ಓದುವುದು ಅದನ್ನು. ಸರ್ವರ್ ಬೇಡ, ಇಂಟರ್ನೆಟ್ ಬೇಡ, ಯಾರ ಅಪ್ಪಣೆಯೂ ಬೇಡ. ಪ್ರತಿ ಸಲ ಓಡಿಸಿದಾಗಲೂ ಪ್ರೋಗ್ರಾಂ ಹಳೆಯ ಪುಟಗಳನ್ನೆಲ್ಲ ಎಸೆದು ಮೂಲದಿಂದ ಹೊಸ ಪುಟ ಹೆಣೆಯುತ್ತದೆ. ಅದರ ಚಂದವೇ ಅದು, ಕಸ ಉಳಿಯುವುದಿಲ್ಲ.

ಓದು. ಎಲ್ಲ ಘಟಕಗಳಿಗೂ ಹಂಚು. ತಪ್ಪು ಕಂಡರೆ ತಿದ್ದಿ ಕಾರ್ಡ್ ವಾಪಸ್ ಕಳಿಸು.

ನಿನ್ನ ತಂಗಿ


ಜನವರಿ ೨೭

ಮೆಣಸಿನಕಾಯಿ,

ಕಾರ್ಡ್ ಬಂತು. ಕಂಟ್ರೋಲ್ ರೂಮಿನ ಮುದಿ ಕಂಪ್ಯೂಟರ್ ಅದನ್ನು ನುಂಗಿ ಸ್ವಲ್ಪ ಹೊತ್ತು ಗೊರಗುಟ್ಟಿ ಕೊನೆಗೂ ತೆರೆಯಿತು. ನಿಜ ಹೇಳಬೇಕೆಂದರೆ ಖುಷಿಯಾಯಿತು. ನಮ್ಮ ಮಾತಿನಲ್ಲಿ ವಾಲ್ವ್ ಬಗ್ಗೆ ಓದುವುದು ಇದೇ ಮೊದಲು. ಪ್ರೋಗ್ರಾಂ ವಿಷಯ ಬರೆದ ಪ್ಯಾರಾ ಮಾತ್ರ ಹಾರಿಸಿದೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಉದ್ದ ಪ್ಯಾರಾಗಳಲ್ಲಿ ಭಾಷಣ ಇರುತ್ತದೆ ಎಂದು ಅನುಭವದಿಂದ ಬಲ್ಲೆ.

ಕೆಳಗಿನ ಘಟಕದ ಶಿಳ್ಳೆಯಣ್ಣ ಬಂದಿದ್ದ. ಕೆಲಸ ಮಾಡುವಾಗ ಸದಾ ಶಿಳ್ಳೆ ಹಾಕುತ್ತಾನೆಂದು ಎಲ್ಲರೂ ಹಾಗೇ ಕರೆಯುತ್ತಾರೆ. ನೋಡಿ ನಕ್ಕು ನಕ್ಕು ಸುಸ್ತಾದ. “ಏನಕ್ಕಾ, ನಿಮ್ ತಂಗಿ ಕಂಪನಿಯವ್ರಿಗೇ ನೀರು ಕುಡಿಸಿಬಿಟ್ಲಲ್ಲ! ನಂಗೂ ಒಂದು ಕಾಪಿ ಇರ್ಲಿ,” ಅಂದ. ಸಿಲಿಂಡರ್ ತರುವ ಲಾರಿ ಡ್ರೈವರ್ ತನ್ನ ಫೋನಿಗೆ ತುಂಬಿಕೊಂಡು, “ನಾನು ಹೋಗೋ ಕಡೆಯೆಲ್ಲಾ ಕೊಡ್ತೀನಿ ಬಿಡಿ, ಇದಕ್ಕೇನು ಬಾಡಿಗೆನಾ,” ಅಂದ.

ಸಿಲಿಂಡರ್ ಬದಲಿಸುವ ಪುಟ ತಿದ್ದಿದ್ದೇನೆ. ಮುಖ್ಯವಾದದ್ದು, ನೋಡು. ಕಾರ್ಡ್ ಇದರ ಜೊತೆಗಿದೆ.

ಗಂಟಲು ಸ್ವಲ್ಪ ಕೆಟ್ಟಿದೆ, ಧೂಳು. ಬೇರೆ ಎಲ್ಲ ಆರಾಮ. ಘಟಕದ ಜೊತೆಗಾರ, ನಾನು, ನಾವಿಬ್ಬರೂ ಪಾಳಿ ಹಂಚಿಕೊಂಡು ನಡೆಸುತ್ತಿದ್ದೇವೆ. ನೀನು ಹೊಟ್ಟೆಗೆ ಸರಿಯಾಗಿ ತಿನ್ನು.

ಅಕ್ಕ


ಫೆಬ್ರವರಿ ೧೧

ಅಕ್ಕ,

ನೀನು ತಿದ್ದಿದ್ದನ್ನು ಹುಡುಕಿದೆ. ಇರಲಿ ಬಿಡು. ಮೊದಲೂ ಹಾಗೆಯೇ ಅಲ್ಲವೇ? ಫುಟ್‌ಪಾತಿನಲ್ಲಿ ಕೊಂಡು ತಂದ ಕರಪತ್ರಗಳನ್ನು ನಿನ್ನ ದಿಂಬಿನ ಕೆಳಗೆ ಇಡುತ್ತಿದ್ದೆ. ಬೆಳಿಗ್ಗೆ ಕೇಳಿದರೆ ನೀನು, “ಓದ್ದೆ ಕಣೇ, ತುಂಬಾ ಚೆನ್ನಾಗಿದೆ,” ಅನ್ನುತ್ತಿದ್ದೆ. ಅವುಗಳ ಅಂಟಿಕೊಂಡಿದ್ದ ಅಂಚು ಕತ್ತರಿಸಿರುತ್ತಿರಲಿಲ್ಲ, ಒಂದು ಹಾಳೆಯೂ ಬಿಡಿಸಿರುತ್ತಿರಲಿಲ್ಲ. ನನ್ನನ್ನು ಸಮಾಧಾನ ಮಾಡಲು ನೀನು ಯಾವಾಗಲೂ ಒಂದು ಒಳ್ಳೆಯ ಮಾತು ಸಿದ್ಧ ಇಟ್ಟುಕೊಂಡಿರುತ್ತೀಯ. ನನಗೆ ಸಮಾಧಾನ ಬೇಡ, ಕೆಲಸ ಬೇಕು.

ಈ ಸಲದ ಕಾರ್ಡಿನಲ್ಲಿ ಪುಟಗಳೆಲ್ಲ ಹೊಸದು. ಎಡಗಡೆ ಪರಿವಿಡಿ ಬಂದಿದೆ. ಯಾವ ಪುಟದಿಂದ ಯಾವ ಪುಟಕ್ಕೆ ಬೇಕಾದರೂ ಒಂದೇ ಒತ್ತಿಗೆ ಹೋಗಬಹುದು. ಬಳಗದಲ್ಲಿ ಎಲ್ಲರಿಗೂ ತುಂಬ ಹುಮ್ಮಸ್ಸು. ಭಾನುವಾರ ಎಲ್ಲರೂ ನನ್ನ ಕೋಣೆಗೆ ಬಂದಿದ್ದರು, ಕೂರಲು ಜಾಗ ಸಾಲದೆ ಮೆಟ್ಟಿಲ ಮೇಲೂ ಕೂತಿದ್ದರು.

ಹಂಚುವುದನ್ನು ನಿಲ್ಲಿಸಬೇಡ.

ತಂಗಿ


ಮಾರ್ಚ್ ೨

ತಂಗಿಗೆ,

‘ಇರಲಿ ಬಿಡು’ ಎಂದು ಬರೆದಿದ್ದೀಯ. ಎರಡು ಸಲ ಓದಿಕೊಂಡೆ. ನನ್ನಂಥವರ ಮಾತು ನಿಮ್ಮ ಬಳಗಕ್ಕೆ ಬೇಕಿಲ್ಲವಾದರೆ ಹಾಗೆಂದೇ ಹೇಳಬಹುದಿತ್ತು, ಕರಪತ್ರದ ಕತೆ ಬೇಕಿರಲಿಲ್ಲ. ನೀನು ಬರೆದದ್ದನ್ನು ಯಾರೂ ಮುಟ್ಟಬಾರದು ಎಂದು ಚಿಕ್ಕಂದಿನಿಂದಲೂ ನಿನ್ನ ಹಟ. ಸ್ಲೇಟಿನ ಮೇಲೆ ನಾನು ಒಂದು ಕೊಂಬು ತಿದ್ದಿದರೆ ನೀನು ಇಡೀ ದಿನ ಊಟ ಬಿಡುತ್ತಿದ್ದೆ.

ನಾನು ಹಟಕ್ಕೆ ಬರೆಯುತ್ತಿಲ್ಲ. ಇನ್ನೊಮ್ಮೆ ಕಾರ್ಡ್ ಕಳಿಸುತ್ತಿದ್ದೇನೆ. ಸಿಲಿಂಡರ್ ಪುಟ ನೋಡು, ನಿನ್ನ ಬಳಗದ ದೊಡ್ಡವರಿಗೂ ತೋರಿಸು. ಸೇರಿಸಿದಿರೋ ಇಲ್ಲವೋ ಒಂದು ಸಾಲು ಬರೆ, ಸಾಕು. ಅಲ್ಲಿಯವರೆಗೆ ಹಂಚುವುದನ್ನು ನಿಲ್ಲಿಸಿದ್ದೇನೆ. ಮೊದಲ ಕಾಪಿ ತೆಗೆದುಕೊಂಡವರಿಗೆ ಲಾರಿಯವನ ಕೈಲಿ ಹೇಳಿಕಳಿಸಿದ್ದೇನೆ, ಆ ಪುಟ ನಂಬಬೇಡಿ, ಹೊಸದು ಬರುತ್ತದೆ ಎಂದು.

ಅಕ್ಕ


ಮಾರ್ಚ್ ೧೪

ಅಕ್ಕ,

ಸೇರಿದೆ. ಬಳಗ ನೋಡಿತು, ಒಪ್ಪಿತು. ಹೊಸ ಕಾರ್ಡ್ ಇದರ ಜೊತೆಗಿದೆ. ಇನ್ನು ತಡ ಮಾಡಬೇಡ, ಹಂಚು. ನಾವು ತಡ ಮಾಡಿದ ಒಂದೊಂದು ದಿನವೂ ಕಂಪನಿಯ ಲೆಕ್ಕಕ್ಕೆ ಜಮೆಯಾಗುತ್ತದೆ.

ತಂಗಿ


ಏಪ್ರಿಲ್ ೯

ಅಕ್ಕ,

ನಿನ್ನಿಂದ ಸುದ್ದಿ ಇಲ್ಲ. ಹಂಚಿದೆಯಾ? ಜನ ಏನಂದರು? ಮೇಲೆ ಸಿಗ್ನಲ್ ಸಿಗುವುದಿಲ್ಲ ಎಂದು ಗೊತ್ತಿದ್ದೂ ಮೊನ್ನೆ ನಿನ್ನ ನಂಬರಿಗೆ ಫೋನ್ ಮಾಡಿದೆ. ಆ ಯಂತ್ರದ ಹೆಂಗಸು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡೆ. ಅವಳ ದನಿ ಕೆಟ್ಟದಾಗಿಲ್ಲ.

ಮನೆ ಓನರಮ್ಮ ಬಟ್ಟೆ ಒಣಗಿಸಲು ಮಹಡಿಗೆ ಬಂದವರು ನನ್ನ ಬಾಗಿಲ ಮುಂದೆ ನಿಂತು, “ಏನಮ್ಮಾ, ಒಳಗೆ ಯಾರ ಜೊತೆ ಮಾತಾಡ್ತಿದ್ದೆ?” ಅಂದರು. ಬರೆದದ್ದನ್ನು ಜೋರಾಗಿ ಓದಿ ನೋಡುತ್ತಿದ್ದೆ ಎಂದೆ. “ಓದೋದಾದ್ರೆ ನಂಗಾದ್ರೂ ಕೇಳೋ ಹಾಗೆ ಓದು, ನಂಗೂ ಹೊತ್ತು ಹೋಗಲ್ಲ,” ಅಂದರು. ವಾಲ್ವ್ ಗ್ರೀಸ್ ಹಾಕುವ ಅಧ್ಯಾಯ ಓದಿದೆ. ಬಟ್ಟೆಯೆಲ್ಲ ಹರವಿ ಮುಗಿಯುವವರೆಗೂ ನಿಂತು ಕೇಳಿದರು. “ಪಾಪ, ಯಾರು ಮಾಡ್ತಾರೋ ಈ ಕೆಲಸ,” ಅಂದರು. ನನ್ನ ಅಕ್ಕ ಎಂದೆ.

ಒಂದು ಸಾಲಾದರೂ ಬರೆ.

ತಂಗಿ


ಏಪ್ರಿಲ್ ೨೬

ತಂಗಿಗೆ,

ಶಿಳ್ಳೆಯಣ್ಣ ಆಸ್ಪತ್ರೆಯಲ್ಲಿದ್ದಾನೆ. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ಮೂಗಿಗೆ ಕೊಳವೆ ಹಾಕಿದ್ದಾರೆ. ನನ್ನನ್ನು ನೋಡಿ ತುಟಿ ದುಂಡಗೆ ಮಾಡಿ ಶಿಳ್ಳೆ ಹಾಕಲು ನೋಡಿದ, ಗಾಳಿಯೂ ಬರಲಿಲ್ಲ. ಅವನ ಹೆಂಡತಿ ಎದ್ದು ವರಾಂಡಕ್ಕೆ ಹೋದಳು.

ಅವನ ಘಟಕಕ್ಕೆ ನಮ್ಮ ಮಾದರಿಯ ಯಂತ್ರ ಬಂದು ಇನ್ನೂ ತಿಂಗಳಾಗಿಲ್ಲ. ಮೊದಲ ಸಲ ಸಿಲಿಂಡರ್ ಬದಲಿಸುವಾಗ ನಿನ್ನ ಪುಟ ಎದುರಿಗಿಟ್ಟುಕೊಂಡು, ಅದರಲ್ಲಿ ಇದ್ದ ಹಾಗೆಯೇ ಮಾಡಿದ್ದಾನೆ. ಅನಿಲ ನೇರ ಮುಖಕ್ಕೇ ಬಂದಿದೆ. “ಇದು ಹೊಸದು, ಅಕ್ಕ ತಿದ್ಸಿರೋದು, ಭಯ ಇಲ್ಲ,” ಎಂದು ಸಹಾಯಕನಿಗೆ ಹೇಳಿದನಂತೆ.

ನೀನು ‘ಸೇರಿದೆ’ ಎಂದು ಬರೆದೆ. ಪತ್ರ ಬಂದ ದಿನವೇ ಲಾರಿ ಹೊರಟಿತ್ತು, ತೆರೆದು ನೋಡದೆ ಕಾರ್ಡ್ ಕೊಟ್ಟುಕಳಿಸಿದೆ. ನೀನು ಬರೆದಿದ್ದೆಯಲ್ಲ, ಮತ್ತೇನು ನೋಡುವುದು ಎಂದುಕೊಂಡೆ. ಈಗ ತೆರೆದು ನೋಡಿದರೆ ನಾನು ಬರೆದ ಒಂದು ಅಕ್ಷರವೂ ಅಲ್ಲಿಲ್ಲ.

ಎರಡು ಸಲ ಬರೆದಿದ್ದೆ. ನಿನ್ನ ಪುಟವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಬರೀ ಕೋನದ ಗುರುತುಗಳ ಕಾಡು. ಆ ಕಾಡಿನಲ್ಲಿ ನಿನ್ನ ವಾಕ್ಯ ಹುಡುಕಿ, ಏನೂ ಮುರಿಯದ ಹಾಗೆ ಒಂದೊಂದೇ ಅಕ್ಷರ ಕೂರಿಸಿದ್ದೆ. ಎರಡು ಸಲವೂ ಅಳಿಸಿದಿರಿ. ಈಗ ಮೂರನೆಯ ಸಲ ಬರೆದು ಈ ಕಾರ್ಡ್ ಕಳಿಸುತ್ತಿದ್ದೇನೆ. ನಿಮ್ಮ ಬಳಗದಲ್ಲಿ ಅಳಿಸಿದವರು ಯಾರು? ಹೇಳು. ಶಿಳ್ಳೆಯಣ್ಣನ ಹೆಂಡತಿ ಕೇಳುತ್ತಿದ್ದಾಳೆ, ಅವಳಿಗೆ ಏನು ಹೇಳಲಿ?

ಊರಿಗೆ ಇಳಿದಿದ್ದಾಗ ನಿನಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನಿನ್ನ ದನಿ ಕೇಳಿದರೆ ಬೈಯಲು ಆಗುತ್ತಿರಲಿಲ್ಲ.

ಅಕ್ಕ


ಮೇ ೩

ಅಕ್ಕ,

ಅಳಿಸಿದವಳು ನಾನು. ಬಳಗ ಇಲ್ಲ.

ಮೊದಲು ಇತ್ತು. ಆರಂಭದಲ್ಲಿ ನಾಲ್ಕೈದು ಜನ ಬರುತ್ತಿದ್ದರು. ಒಬ್ಬನಿಗೆ ಕೆಲಸ ಸಿಕ್ಕಿತು, ಒಬ್ಬಳಿಗೆ ಮಗು ಆಯಿತು, ಇನ್ನೊಬ್ಬ ನನ್ನ ಜೊತೆ ಜಗಳವಾಡಿ ಹೋದ, ಉಳಿದವರು ಯಾಕೆ ಬರುವುದಿಲ್ಲವೋ ಗೊತ್ತಿಲ್ಲ. ನಿನಗೆ ಮೊದಲ ಕಾರ್ಡ್ ಕಳಿಸುವಾಗಲೇ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ‘ನಾವು’ ಎಂದು ಬರೆದರೆ ಧೈರ್ಯ ಬರುತ್ತಿತ್ತು, ಅದಕ್ಕೆ ಹಾಗೆ ಬರೆದೆ. ಮೆಟ್ಟಿಲ ಮೇಲೆ ಯಾರೂ ಕೂತಿರಲಿಲ್ಲ.

ನಿನ್ನ ‘ಕೋನದ ಗುರುತುಗಳ ಕಾಡು’ ಓದಿದ ಕೂಡಲೇ ಏನಾಯಿತೆಂದು ತಿಳಿಯಿತು. ನೀನು ಬರೆದದ್ದು ‘ಪುಟ’ದಲ್ಲಿ. ನಾನು ನೋಡುತ್ತಿದ್ದದ್ದು ‘ಮೂಲ’ದಲ್ಲಿ ಮಾತ್ರ. ಪುಟ ನನ್ನ ಮಟ್ಟಿಗೆ ನೆರಳು ಇದ್ದ ಹಾಗೆ, ನೆರಳಿನ ಮೇಲೆ ಯಾರಾದರೂ ಬರೆಯುತ್ತಾರೆಂದು ಹೊಳೆಯಲೇ ಇಲ್ಲ. ಮೂಲದಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ, ಹಾಗಾಗಿ ನೀನು ನನ್ನನ್ನು ಸಮಾಧಾನ ಮಾಡುತ್ತಿದ್ದೀಯ ಎಂದುಕೊಂಡೆ. ಎರಡನೆಯ ಸಲ, ಹಂಚದಿರಲು ನೆಪ ಹುಡುಕುತ್ತಿದ್ದೀಯ ಎಂದುಕೊಂಡೆ. ಅದಕ್ಕೇ ‘ಸೇರಿದೆ’ ಎಂದು ಬರೆದೆ. ಅದು ಸುಳ್ಳು ಎಂದು ಗೊತ್ತಿದ್ದೇ ಬರೆದೆ. ಆಮೇಲೆ ಪ್ರೋಗ್ರಾಂ ಓಡಿಸಿದೆ. ಅದು ತನ್ನ ಕೆಲಸ ತಾನು ಮಾಡಿತು, ನೀನು ಬರೆದದ್ದನ್ನೆಲ್ಲ ಕಸವೆಂದು ಎಸೆದು ನಾನು ಬರೆದದ್ದನ್ನು ಮತ್ತೆ ಹೆಣೆಯಿತು. ಎರಡೂ ಸಲ.

ಶಿಳ್ಳೆಯಣ್ಣನ ಹೆಂಡತಿಗೆ ಹೇಳು, ಹಾಗೆ ಬರೆದವಳು ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ತಂಗಿ ಎಂದು. ಬೇರೆ ಯಾರ ಹೆಸರೂ ಇಲ್ಲ.

ಮೂರನೆಯ ಕಾರ್ಡಿನ ಪುಟ ತೆರೆದು ಓದಿದೆ. “ಮೊದಲು ಸಿಲಿಂಡರ್ ವಾಲ್ವ್ ಮುಚ್ಚಿ. ನೀರು ಹರಿಯುತ್ತಲೇ ಇರಲಿ, ಕೊಳವೆಯಲ್ಲಿ ಉಳಿದ ಅನಿಲವನ್ನು ಅದು ಎಳೆದುಕೊಳ್ಳುತ್ತದೆ. ಗಾಜಿನ ನಳಿಗೆಯೊಳಗಿನ ಗುಂಡು ತಳಕ್ಕೆ ಇಳಿದ ಮೇಲೆ ನೀರು ನಿಲ್ಲಿಸಿ. ಆಮೇಲೆ ಬಿಚ್ಚಿ.” ಗುಜರಿಯ ಪುಸ್ತಕ ಹಳೆಯ ಮಾದರಿಯದು. ಅದರಲ್ಲಿ ನೀರು ಮೊದಲು ನಿಲ್ಲುತ್ತದೆ. ಯಾವ ಮಾದರಿ ಎಂದು ನಾನು ಕೇಳಲೇ ಇಲ್ಲ.

ಅದರ ಕೆಳಗೆ ನೀನು ಇನ್ನೊಂದು ಸಾಲು ಬರೆದಿದ್ದೀಯ: “ಇದನ್ನು ಬರೆದವಳು ನೀರು ಮೊದಲು ನಿಲ್ಲಿಸಿ, ಉಸಿರು ಕಟ್ಟಿ, ಬಾಗಿಲವರೆಗೆ ತೆವಳಿಕೊಂಡು ಬಂದವಳು.” ಅಕ್ಕ, ಜನವರಿಯಲ್ಲಿ ನಿನ್ನ ಗಂಟಲು ಕೆಟ್ಟದ್ದಕ್ಕೆ ನೀನು ನನಗೆ ಧೂಳು ಎಂದು ಬರೆದಿದ್ದೆ.

ಮೂಲ ತಿದ್ದಿದ್ದೇನೆ. ಇನ್ನು ಮುಂದೆ ಪ್ರತಿ ಪುಟದ ತಲೆಯ ಮೇಲೆ ತಾರೀಕು, ಯಂತ್ರದ ಮಾದರಿ, ‘ಇಲ್ಲಿ ತಿದ್ದಬೇಡಿ, ಮೂಲದಲ್ಲಿ ತಿದ್ದಿ’ ಎಂಬ ಮಾತು ಇರುತ್ತದೆ. ಆದರೆ ಇದು ಹೊಸ ಪುಟಗಳಿಗೆ ಆಯಿತು. ಹೊರಗೆ ಹೋದವುಗಳ ಗತಿ? ಅವನ್ನು ನಾನು ಇಲ್ಲಿಂದ ಮುಟ್ಟಲಾರೆ. ಕಂಪನಿಯ ಬೀಗದೊಳಗಿನ ಪುಟವಾಗಿದ್ದರೆ ಒಂದು ಕಡೆ ತಿದ್ದಿದರೆ ಎಲ್ಲರಿಗೂ ಅದೇ ಗಳಿಗೆ ತಿದ್ದಿದ್ದೇ ಕಾಣುತ್ತಿತ್ತು. ಈ ಯೋಚನೆ ಎರಡು ದಿನದಿಂದ ನನ್ನನ್ನು ಕುಕ್ಕುತ್ತಿದೆ. ಅವರು ಸರಿ, ನಾನು ತಪ್ಪು ಎಂದು ಬರೆಯಲೇ? ಬರೆಯುವುದಿಲ್ಲ. ಬೀಗ ಹಾಕಿದವರು ನಿನ್ನ ಉಸಿರಿನ ಬಗ್ಗೆ ಯೋಚಿಸಿರಲಿಲ್ಲ. ಆದರೆ ಬೀಗ ಒಡೆದು ಕೈಗೆ ಕೊಟ್ಟವಳಿಗೆ, ಕೊಟ್ಟ ಕೈಗಳೆಲ್ಲ ಯಾವುವೆಂದು ಗೊತ್ತಿರಬೇಕಿತ್ತು. ಯಾವ ಕರಪತ್ರವೂ ಅದನ್ನು ನನಗೆ ಹೇಳಿರಲಿಲ್ಲ.

ಲಾರಿಯವನು ಯಾರ್ಯಾರಿಗೆ ಕೊಟ್ಟ? ವಿಳಾಸ ಕಳಿಸು, ಎಲ್ಲರಿಗೂ ಹೊಸ ಕಾರ್ಡ್ ಅಂಚೆಯಲ್ಲಿ ಕಳಿಸುತ್ತೇನೆ. ಅಥವಾ ನಾನೇ ಬರಲೇ?

ನಿನ್ನ ತಂಗಿ


ಮೇ ೨೦

ಮೆಣಸಿನಕಾಯಿ,

ಶಿಳ್ಳೆಯಣ್ಣ ಮನೆಗೆ ಬಂದ. ಗೋಡೆ ಹಿಡಿದು ನಡೆಯುತ್ತಾನೆ. ನೀನು ಹೇಳಿದ ಹಾಗೆಯೇ ಅವನ ಹೆಂಡತಿಗೆ ಹೇಳಿದೆ. ಅವಳು ಅವನ ಮಾತ್ರೆಗಳನ್ನು ಎಣಿಸಿ ಡಬ್ಬಿಗೆ ಹಾಕಿ ಮುಗಿಸಿದಳು. ಆಮೇಲೆ, “ಆ ಹುಡುಗಿಗೆ ಇದನ್ನ ನನ್ನ ಮುಂದೆ ಬಂದು ಹೇಳೋಕೆ ಹೇಳಿ,” ಅಂದಳು. ತಪ್ಪೇನಿಲ್ಲ.

ಲಾರಿಯವನನ್ನು ಕೇಳಿದೆ. “ಅಯ್ಯೋ ಅಕ್ಕಾ, ಕೇಳಿದೋರಿಗೆಲ್ಲಾ ಕೊಟ್ಟೆ. ಅವರು ಇನ್ಯಾರಿಗೆ ಕೊಟ್ರೋ ದೇವ್ರಿಗೇ ಗೊತ್ತು,” ಎಂದು ತಲೆ ಕೆರೆದುಕೊಂಡ. ನಾಲೆಯ ಉದ್ದಕ್ಕೂ ಇರುವ ಘಟಕಗಳು ಅವನಿಗೆ ನೆನಪಿವೆ. ಅಲ್ಲಿಂದಾಚೆ ಕೇಳಿಕೊಂಡೇ ಹೋಗಬೇಕು.

ಅಂಚೆಯಲ್ಲಿ ಕಳಿಸಬೇಡ. ಹೊಸದು ಬಂದರೆ ಜನ ಹೊಸದನ್ನು ತುಂಬಿಕೊಳ್ಳುತ್ತಾರೆ, ಹಳೆಯದೂ ಅಲ್ಲೇ ಇರುತ್ತದೆ. ಯಾವತ್ತೋ ಅವಸರದಲ್ಲಿ ಹಳೆಯದೇ ಕೈಗೆ ಬರುತ್ತದೆ. ಎದುರಿಗೆ ನಿಂತು ಅಳಿಸಬೇಕು. ಭಾನುವಾರ ನನಗೆ ಬದಲಿಯವನು ಬರುತ್ತಾನೆ, ಉಳಿದ ದಿನ ಬಿಟ್ಟು ಹೋಗುವ ಹಾಗಿಲ್ಲ. ಇನ್ನೊಂದು ಹುದ್ದೆ ಹೋದ ವರ್ಷದಿಂದಲೇ ಖಾಲಿ. ಸಿಲಿಂಡರ್ ಕೆಲಸ ಹಿಂದೆಲ್ಲ ಆ ಹುದ್ದೆಯಲ್ಲಿದ್ದವನದೇ ಆಗಿತ್ತು. ಸರಿಯಾದ ಕ್ರಮವನ್ನೂ ಊರಿಗೆ ಇಳಿದಾಗ ಫೋನಿನಲ್ಲಿ ಅವನೇ ಹೇಳಿಕೊಟ್ಟದ್ದು.

ಹಾಗಾಗಿ ಭಾನುವಾರಗಳಲ್ಲಿ ನಾನು ಹೋಗುತ್ತೇನೆ. ಏರು ಬಂದರೆ ಸ್ವಲ್ಪ ನಿಂತು ನಿಂತು ಹೋಗಬೇಕು, ಅಷ್ಟೇ. ನೀನು ಬರುವುದು ಬೇಡ. ಅಂಗಡಿ ಬಿಟ್ಟು ಅಷ್ಟು ದೂರ ಯಾಕೆ ಬರುತ್ತೀಯ. ಇಲ್ಲಿ ನಿನ್ನನ್ನು ಮಲಗಿಸಲು ಸರಿಯಾದ ಜಾಗವೂ ಇಲ್ಲ.

ನಿನ್ನ ಮೇಲೆ ಕೋಪ ಇದೆ. ಇಲ್ಲ ಎಂದರೆ ಮತ್ತೆ ಸಮಾಧಾನದ ಮಾತು ಎನ್ನುತ್ತೀಯ.

ಅಕ್ಕ


ಮೇ ೨೮

ಅಕ್ಕ,

ಬೇಡ ಎಂದಿದ್ದೀಯ. ಈ ಸಲ ಪತ್ರವನ್ನು ಪ್ಯಾರಾ ಹಾರಿಸದೆ ಓದಿದೆ. ಜನವರಿಯಲ್ಲಿ ‘ನಾವಿಬ್ಬರೂ ಪಾಳಿ ಹಂಚಿಕೊಂಡು’ ಎಂದು ಬರೆದಿದ್ದೆ. ಆಗಲೇ ನೀನೂ ಒಬ್ಬಳೇ ಇದ್ದೆ. ನನ್ನ ಬಳಗದ ಸುಳ್ಳು ನೀನು ನಂಬಿದೆ, ನಿನ್ನ ಜೊತೆಗಾರನ ಸುಳ್ಳು ನಾನು ನಂಬಿದೆ. ಎಂಥ ಅಕ್ಕತಂಗಿಯರು ನಾವು!

‘ಏರು ಬಂದರೆ ನಿಂತು ನಿಂತು’ ಎನ್ನುವುದೂ ನನಗೆ ಅರ್ಥವಾಗುತ್ತದೆ. ನಿಂತಾಗ ನಿನ್ನ ಪಕ್ಕದಲ್ಲಿ ಒಬ್ಬರು ಇರಬೇಕು. ನೀನು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಾನು ಭಾಷಣ ಮಾಡುತ್ತೇನೆ. ಬೇಡವೆಂದರೆ ಸುಮ್ಮನಿರುತ್ತೇನೆ, ಅದನ್ನೂ ಕಲಿಯುತ್ತಿದ್ದೇನೆ.

ಅಂಗಡಿಯ ಯಜಮಾನರಿಗೆ ಹೇಳಿದೆ. “ರಜಾ ಕೇಳ್ತಿದೀಯೋ, ಕೆಲಸ ಬಿಡ್ತಿದೀಯೋ?” ಅಂದರು. ಎರಡರಲ್ಲಿ ಯಾವುದಾದರೂ ನೀವೇ ಆರಿಸಿ ಎಂದೆ. 

ಮೊದಲು ಶಿಳ್ಳೆಯಣ್ಣನ ಮನೆ. ಅವನ ಹೆಂಡತಿ ಎದುರಿಗೆ ನಾನೇ ಹೇಳುತ್ತೇನೆ, ನೀನು ಹೊರಗೆ ನಿಂತಿರು, ನನ್ನ ಪರವಾಗಿ ಒಂದು ಮಾತೂ ಆಡಬೇಡ. ಆಮೇಲೆ ನಾಲೆ ಹಿಡಿದು ಮೇಲಿನಿಂದ ಕೆಳಗೆ, ಒಂದೊಂದೇ ಘಟಕ. ಒಂದೊಂದು ಫೋನು, ಒಂದೊಂದು ಕಂಪ್ಯೂಟರು. ಹಳೆಯದು ಅಳಿಸಿ, ಹೊಸದು ಹಾಕಿ, ಸಿಲಿಂಡರ್ ಪುಟ ಅವರ ಬಾಯಲ್ಲೇ ಓದಿಸಿ, ನೀವು ಇನ್ಯಾರಿಗೆ ಕೊಟ್ಟಿರಿ ಎಂದು ಕೇಳಿ ಮುಂದಕ್ಕೆ. ಒಂದು ಭಾನುವಾರಕ್ಕೆ ಮುಗಿಯುವುದಿಲ್ಲ. ಮುಗಿಯುವವರೆಗೆ ನಾನು ಅಲ್ಲೇ ಇರುತ್ತೇನೆ. ಪಂಪಿನ ಮನೆಯ ನೆಲದ ಮೇಲೆ ಮಲಗುತ್ತೇನೆ.

ಇದಕ್ಕೆ ಉತ್ತರ ಬರೆಯಬೇಡ. ಬರೆದರೆ ಬೇಡ ಎಂದೇ ಬರೆಯುತ್ತೀಯ, ಅದು ಬರುವಷ್ಟರಲ್ಲಿ ನಾನು ಬಸ್ಸಿನಲ್ಲಿರುತ್ತೇನೆ. ಜೂನ್ ಎಂಟು, ಭಾನುವಾರ, ಬೆಳಿಗ್ಗೆ ಆರೂವರೆಗೆ ಬೆಟ್ಟದ ಬುಡದ ಬಸ್ ನಿಲ್ದಾಣದಲ್ಲಿ ಇಳಿಯುತ್ತೇನೆ. ಟಿಕೆಟ್ ಕೌಂಟರಿನ ಮುಂದೆ ನಿಂತಿರು.